ಸೀತೆಯ ಲೈವ್ ಲೊಕೇಶನ್

ಯುಗಾದಿಗೆ ಉಬ್ರಾಣಿಗೆ ಹೋದಾಗ ಅಣ್ಣನ ಮಗಳು ಪೇಟೆ ಸ್ಕೂಲಿನ ಪ್ರಾಜೆಕ್ಟ್ ತೋರಿಸಿದಳು: ಈ ಕಾಲದ ರಾಮಾಯಣ, ತಾನೇ ಬರೆದ ಕಥೆಪುಸ್ತಕ. ಅಶೋಕವನದಿಂದ ಸೀತೆ ಲೈವ್ ಲೊಕೇಶನ್ ಕಳಿಸ್ತಾಳೆ, ಹನುಮಂತ ಡ್ರೋನ್ ಹಾರಿಸ್ತಾನೆ. ಚಿತ್ರಗಳು ಚೆಂದ (ಅರ್ಧ ಅಣ್ಣನ ಕೈಚಳಕ). ನಕ್ಕೆ. ಆದ್ರೆ ಕಥೆ ಹಳೇದೇ, ಫೋನ್ ಮಾತ್ರ ಹೊಸದು. ಆಫೀಸಲ್ಲಿ ನಾವು ಹಳೇ ಕೋಡ್‌ಗೆ ಹೊಸ ಸ್ಕ್ರೀನ್ ಅಂಟಿಸಿ ಹೊಸ ವರ್ಷನ್ ಅಂತೀವಲ್ಲ, ಹಾಗೆ.

1944ರ 'ಶೂದ್ರ ತಪಸ್ವಿ'ಯಲ್ಲಿ ಕುವೆಂಪು ರಾಮನ ಕೈಗೆ ಬಂದೂಕು ಕೊಡಲಿಲ್ಲ. ಬಿಲ್ಲು ಹಳೇದೇ. ಶಂಬೂಕನ ಮೇಲೆ ಬಿಟ್ಟ ಅಸ್ತ್ರ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತೆ. ಅಷ್ಟಕ್ಕೇ ಮಾಸ್ತಿಯಂಥವರೂ ತಕರಾರು ತೆಗೆದರು. 'ಶ್ರೀರಾಮಾಯಣ ದರ್ಶನಂ'ನಲ್ಲಂತೂ ಸೀತೆಯ ಜೊತೆ ರಾಮನೂ ಬೆಂಕಿಗಿಳಿಯುತ್ತಾನೆ. ಬದಲಾದದ್ದು ಸಾಮಾನಲ್ಲ, ಪ್ರಶ್ನೆ.

ಇವಳ ಪುಸ್ತಕದಲ್ಲೂ ಅಂಥದ್ದೊಂದು ಪುಟ ಸಿಕ್ತು. ಬೆಂಕಿ ಮುಂದೆ ನಿಂತ ಸೀತೆ, "ನನ್ನ ಲೊಕೇಶನ್ ಹಿಸ್ಟರಿ ನೋಡಿ, ಆಮೇಲೆ ನಿಮ್ಮದೂ ತೋರಿಸಿ" ಅಂತಾಳೆ. ಟೀಚರ್ ಅದರ ಮೇಲೆ ಕೆಂಪು ಗೀಟು ಎಳೆದಿದ್ದರು. ಡ್ರೋನ್‌ಗೆ ವೆರಿ ಗುಡ್.

"ಚಿಕ್ಕಪ್ಪ, ಇದನ್ನ ಹರಿದು ಹಾಕ್ಲಾ?" ಅಂದಳು.

ಬ್ಯಾಡ ಕಣೇ, ಉಳಿದದ್ದು ಬೇಕಾದ್ರೆ ಹರಿ ಅಂದೆ.