ಪಾದ್ರಿಗಳ ಮತಖಂಡನ ಪುಸ್ತಿಕೆಗಳು

ಹೊಸಗನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಕ್ರೈಸ್ತ ಪಾದ್ರಿಗಳ ಉಪಕಾರವನ್ನು ಸ್ಮರಿಸದೆ ಮುಂದಕ್ಕೆ ಹೋಗುವುದಿಲ್ಲ. ರೀವ್ ಪಾದ್ರಿಯ ನಿಘಂಟು, ಕಿಟ್ಟೆಲರ 1894ರ ಮಹಾಕೋಶ, ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಇವುಗಳ ಹೆಸರು ಶಾಲೆಯ ಹುಡುಗರಿಗೂ ಬಾಯಿಪಾಠ. ಆದರೆ ಈ ಮಹನೀಯರು ಸಮುದ್ರವನ್ನು ದಾಟಿ ಬಂದುದು ನಿಘಂಟನ್ನು ಬರೆಯುವುದಕ್ಕಲ್ಲ; ಮತವನ್ನು ಬೋಧಿಸುವುದಕ್ಕೆ. ಅದಕ್ಕಾಗಿ ಅವರು ಹಿಡಿದ ಆಯುಧವು ಕೆಲವೇ ಹಾಳೆಗಳ ಸಣ್ಣ ಪುಸ್ತಿಕೆ. ಸಂತೆ ಜಾತ್ರೆಗಳಲ್ಲಿ ಕೈಯಿಂದ ಕೈಗೆ ಹೋದ ಆ ಪುಸ್ತಿಕೆಗಳನ್ನು ಈಗ ಓದುವವರು ವಿರಳ. ಹಿಂದೂಗಳಿಗೆ ಅವು ನಿಂದೆಯಾಗಿ ತೋರುವುವು. ಕ್ರೈಸ್ತರಿಗೂ ಅವುಗಳಿಂದ ಈಗ ಸ್ವಲ್ಪ ಸಂಕೋಚವೇ ಸರಿ. ಹೀಗೆ ಎರಡು ಮನೆಯವರೂ ಸೇರಿ ಅಟ್ಟಕ್ಕೆ ಹಾಕಿದ ಈ ಸಾಹಿತ್ಯವನ್ನು ಕೆಳಗಿಳಿಸಿ, ಅದರ ಮತವು ದಿಟವೋ ಸಟೆಯೋ ಎಂಬ ಮಾತನ್ನು ಬದಿಗಿಟ್ಟು, ವಾದವಾಗಿ ಅದು ಎಷ್ಟರಮಟ್ಟಿಗೆ ನಿಲ್ಲುವುದೆಂದು ನೋಡುವುದು ಅನುಚಿತವಾಗಲಾರದು.

ಕನ್ನಡದಲ್ಲಿ ಮತಖಂಡನೆಯು ಪಾದ್ರಿಗಳಿಂದ ಹುಟ್ಟಿದುದಲ್ಲ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯು ಅನ್ಯಮತಗಳ ದೇವರನ್ನೂ, ಪುರಾಣಗಳನ್ನೂ, ಊರೂರಿನ ಕ್ಷುದ್ರದೈವಗಳನ್ನೂ ಹಾಸ್ಯಕ್ಕೆ ಗುರಿಮಾಡಿದ ಗ್ರಂಥ, ವೃತ್ತವಿಲಾಸನ ‘ಧರ್ಮಪರೀಕ್ಷೆ’ಯೂ ಅದೇ ದಾರಿಯದು. ಬ್ರಹ್ಮಶಿವನ ನಗೆ ಮೃದುವಾದುದೆಂದು ಯಾರೂ ಹೇಳಲಾರರು. ಆದರೂ ಅದು ನಾಟುವುದು. ಏತಕ್ಕೆಂದರೆ ಅವನು ಹಳಿಯುವ ಆಚಾರಗಳನ್ನು ನೆರೆಮನೆಯವನಾಗಿ ಕಂಡುಬಲ್ಲನು. ಶೈವವನ್ನು ಹೊಕ್ಕು ಹೊರಬಂದವನೆಂದೂ ವಿದ್ವಾಂಸರು ಅವನನ್ನು ಕುರಿತು ಹೇಳುವುದುಂಟು.

ಪಾದ್ರಿಗಳ ಸ್ಥಿತಿಯು ಬೇರೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರೂ, ಬೆಂಗಳೂರು ಮೈಸೂರುಗಳಲ್ಲಿ ವೆಸ್ಲಿಯನ್ನರೂ, 1834ರಿಂದ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರೂ ಕನ್ನಡವನ್ನು ಅಕ್ಷರಾಭ್ಯಾಸದಿಂದ ಮೊದಲ್ಗೊಂಡು ಕಲಿತು, ಕೆಲವೇ ವರ್ಷಗಳಲ್ಲಿ ಅದರಲ್ಲಿ ವಾದಿಸತೊಡಗಿದರು. ಈ ಧೈರ್ಯವು ಸಾಮಾನ್ಯವಲ್ಲ. ‘ಜಾತಿವಿಚಾರಣೆ’ಯಂಥ ಹೆಸರುಗಳೇ ಸಾಕ್ಷಿಯಾಗಿ, ಅವರು ಎತ್ತಿಕೊಂಡ ಪ್ರಶ್ನೆಗಳೂ ಸಾಮಾನ್ಯವಾದುವಲ್ಲ. ಅಲ್ಲಿಯವರೆಗೆ ಶಾಸನಕ್ಕೂ, ಬಖೈರಿಗೂ, ಟೀಕೆಗೂ ಹೆಚ್ಚಾಗಿ ದುಡಿದಿದ್ದ ಗದ್ಯವು ಬೀದಿಯ ಮನುಷ್ಯನನ್ನು ನಿಲ್ಲಿಸಿ, ಅವನನ್ನು ಪ್ರಶ್ನಿಸಿ, ಒಪ್ಪಿಸುವ ಕೆಲಸಕ್ಕೆ ಇಳಿಯಿತು. ಆ ವಾಕ್ಯಗಳು ಕೆಲವೆಡೆ ಕುಂಟುವುವು, ಕೆಲವೆಡೆ ಸಂಸ್ಕೃತದ ಭಾರದಿಂದ ಕುಸಿಯುವುವು. ಆದರೆ ಅವು ಯಾರನ್ನೋ ಉದ್ದೇಶಿಸಿ ಆಡಿದ ಮಾತುಗಳು. ಈ ಗುಣವನ್ನು ಒಪ್ಪಿಕೊಳ್ಳದಿರುವುದು ಕೃತಘ್ನತೆಯಾದೀತು.

ದೋಷವಿರುವುದು ಇನ್ನೊಂದೆಡೆಯಲ್ಲಿ. ಇಂತಹ ಪುಸ್ತಿಕೆಗಳಲ್ಲಿ ಹಲವು ಸಂವಾದರೂಪದವು. ಒಬ್ಬ ಗುರು, ಒಬ್ಬ ಶಿಷ್ಯ; ಅಥವಾ ಒಬ್ಬ ಬೋಧಕ, ಒಬ್ಬ ಶಾಸ್ತ್ರಿ. ಶಾಸ್ತ್ರಿಯು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ. ಬೋಧಕನ ಬಳಿ ಉತ್ತರವು ಸಿದ್ಧವಾಗಿರುವ ಪ್ರಶ್ನೆಯನ್ನೇ ಕೇಳುವನು. ಕೆಲವು ಪುಟಗಳು ಕಳೆಯುವುದರೊಳಗಾಗಿ ಅವನು ಸೋತು ಮೌನವನ್ನು ತಾಳುವನು. ಕಾಗದದಿಂದ ಮಾಡಿದ ಮಲ್ಲನನ್ನು ಕೆಡಹಿದ ಗರಡಿಯಾಳಿಗೆ ಯಾರು ತಾನೆ ಮುಯ್ಯಿ ಕೊಟ್ಟಾರು? ನಮ್ಮ ವಾದಶಾಸ್ತ್ರದ ಕಟ್ಟಳೆಯಾದರೋ ಪೂರ್ವಪಕ್ಷವನ್ನು ಮೊದಲು ಸ್ಥಾಪಿಸಬೇಕೆಂಬುದು. ಅದೂ ಎದುರಾಳಿಯು ತಾನೇ ಬಂದು ಕೇಳಿದರೆ “ಹೌದು, ನಾನು ಹೇಳುವುದು ಇದೇ” ಎಂದು ತಲೆದೂಗುವಂತೆ. ನಮ್ಮವರೂ ಈ ಕಟ್ಟಳೆಯನ್ನು ಅನೇಕ ವೇಳೆ ಮೀರಿರುವರೆಂಬುದು ನಿಜ. ಆದರೆ ಮೀರಿದುದನ್ನು ತಪ್ಪೆಂದು ಅಳೆಯುವ ಕೋಲು ಮನೆಯಲ್ಲಿದ್ದಿತು.

ಪಾದ್ರಿಗಳ ಸ್ವಂತ ನಾಡಿನ ಕಡೆಯ ಚರಿತ್ರೆಯಲ್ಲಿಯೂ ಆ ಕೋಲು ಇಲ್ಲದಿರಲಿಲ್ಲ. 1840ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ‘ಯಾತ್ರಿಕನ ಸಂಚಾರ’ವೆಂದು ಕನ್ನಡಿಸಿದ ಗ್ರಂಥದ ಕರ್ತನಾದ ಜಾನ್ ಬನ್ಯನ್ನನು ಲೇಖಕನಾದುದೇ ಇಂತಹದೊಂದು ಜಗಳದಿಂದ. ಇಂಗ್ಲೆಂಡಿನಲ್ಲಿ 1640ರ ಬಳಿಕ ಮುದ್ರಣದ ಮೇಲಿನ ಕಟ್ಟು ಸಡಿಲವಾಗಲು, ಪುಸ್ತಿಕೆಗಳು ಸಾವಿರಾರು ಹೊರಬಿದ್ದುವು. ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರರು ಪುರೋಹಿತನೂ ಬೇಡ, ಗುಡಿಯೂ ಬೇಡ, ಅಂತರಂಗದ ಬೆಳಕೇ ಸಾಕೆಂದು ಸಾರಿದರು. ಅವರ ವಿರುದ್ಧವಾಗಿ ಬನ್ಯನ್ನನು 1656ರಲ್ಲಿ ತನ್ನ ಮೊದಲನೆಯ ಪುಸ್ತಕವನ್ನು ಬರೆದನು. ಎಡ್ವರ್ಡ್ ಬರೋ ಎಂಬ ತರುಣ ಕ್ವೇಕರನು ಅದೇ ವರ್ಷ ಉತ್ತರವಿತ್ತನು. 1657ರಲ್ಲಿ ಬನ್ಯನ್ನನ ಪ್ರತ್ಯುತ್ತರ, ಅದಕ್ಕೆ ಬರೋವಿನ ಮರು ಉತ್ತರ. ಬೈಗುಳದಲ್ಲಿ ಇಬ್ಬರೂ ಕಡಮೆಯವರಲ್ಲ. ಆದರೆ ಒಬ್ಬನು ಅಚ್ಚುಹಾಕಿಸಿದುದನ್ನು ಇನ್ನೊಬ್ಬನು ಎದುರಿಗಿಟ್ಟುಕೊಂಡು ಬರೆದನು, ಎದುರಾಳಿಗೂ ಮುದ್ರಣಾಲಯವಿದ್ದಿತು. ಫಾಕ್ಸನು 1659ರ ತನ್ನ ದೊಡ್ಡ ಗ್ರಂಥದಲ್ಲಿ ನೂರಕ್ಕೂ ಮಿಕ್ಕ ವಿರೋಧಿಗಳ ಪುಸ್ತಕಗಳಿಂದ ಮಾತುಗಳನ್ನೆತ್ತಿ ಒಂದೊಂದಕ್ಕೂ ಉತ್ತರ ಕೊಡಲು ಹೊರಟನು. ಅಲ್ಲದೆ ಬರೆದವರೇ ಅದರ ಬೆಲೆಯನ್ನೂ ತೆತ್ತರು. ಬನ್ಯನ್ನನು 1660ರಿಂದ ಸುಮಾರು 12 ವರ್ಷ ಸೆರೆಯಲ್ಲಿದ್ದನು. ಬರೋ 1663ರಲ್ಲಿ ನ್ಯೂಗೇಟ್ ಸೆರೆಮನೆಯಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಸತ್ತನು.

ಕನ್ನಡನಾಡಿನಲ್ಲಿ ಬೆಲೆಯನ್ನು ತೆತ್ತವರು ಯಾರು? ಪಾದ್ರಿಗಳು ಪರದೇಶದಲ್ಲಿ ಆರೋಗ್ಯವನ್ನು, ಕೆಲವರು ಆಯುಸ್ಸನ್ನೇ ಕಳೆದುಕೊಂಡರೆಂಬುದನ್ನು ಮರೆಯಲಾಗದು. ಆದರೆ ವಾದದ ಫಲವನ್ನು ಉಂಡವರು ಕೇಳಿ ನಂಬಿದವರು. 1844ರ ಜನವರಿ 6ರಂದು ಮಂಗಳೂರಿನಲ್ಲಿ ಮಿಶನ್ ಶಾಲೆಯ ವಿದ್ಯಾರ್ಥಿಯಾದ ಆನಂದರಾವ್ ಕೌಂಡಿಣ್ಯರೂ ಇನ್ನಿಬ್ಬರು ಸಾರಸ್ವತ ತರುಣರೂ ದೀಕ್ಷಾಸ್ನಾನವನ್ನು ಹೊಂದಿದಾಗ ಊರಿಗೆ ಊರೇ ಕಲಕಿಹೋಯಿತು. ಮತಾಂತರಗೊಂಡವನ ಆಸ್ತಿಯ ಹಕ್ಕನ್ನು ಕಾಯುವ ಕಾನೂನು ಬಂದುದು 1850ರಲ್ಲಿ. ಅದಕ್ಕೆ ಮೊದಲು ಅಂತಹವನು ಕುಲದೊಂದಿಗೆ ಪಾಲನ್ನೂ ಬಿಟ್ಟು ನಡೆಯಬೇಕಾದೀತು. ಪುಸ್ತಿಕೆಯ ಸಂವಾದದಲ್ಲಿ ಶಿಷ್ಯನು ಸುಲಭವಾಗಿ ಒಪ್ಪುವನು; ಬದುಕಿನ ಶಿಷ್ಯನಿಗೆ ತಾಯಿಯಿದ್ದಳು, ಮನೆಯಿದ್ದಿತು. ಈ ಸಂಕಟದ ಒಂದು ಎಳೆಯನ್ನಾದರೂ ಸಂವಾದದೊಳಕ್ಕೆ ತಂದಿದ್ದರೆ ಆ ಬರಹಗಳು ಸಾಹಿತ್ಯವಾಗುತ್ತಿದ್ದುವು.

ಉತ್ತರವು ಬರಲಿಲ್ಲವೇ ಎಂದು ವಾಚಕರು ಕೇಳಬಹುದು. ಬೇರೆಡೆಗಳಲ್ಲಿ ಬಂದಿತು. ಮ್ಯೂರ್ ಸಾಹೇಬನು 1839ರಲ್ಲಿ ಸಂಸ್ಕೃತದಲ್ಲಿಯೇ ಬರೆದ ‘ಮತಪರೀಕ್ಷೆ’ಗೆ ಮೂವರು ಪಂಡಿತರು ಸಂಸ್ಕೃತದಲ್ಲಿಯೇ ಉತ್ತರ ಬರೆದರು. ಅವರಲ್ಲೊಬ್ಬರಾದ ಕಾಶಿಯ ನೀಲಕಂಠ ಗೋರೆಯವರು 1848ರಲ್ಲಿ ತಾವೇ ಕ್ರೈಸ್ತರಾದುದು ಒಂದು ವಿಚಿತ್ರ. ಯಾಳ್ಪಾಣದ ಆರುಮುಗ ನಾವಲರು ಪಾದ್ರಿಗೆ ತಮಿಳು ಬೈಬಲ್ಲಿನಲ್ಲಿ ನೆರವಾಗಿ, ಅದೇ ವಿದ್ಯೆಯಿಂದ 1854ರಲ್ಲಿ ಶೈವದ ಪರವಾಗಿ ಖಂಡನೆಯನ್ನು ಬರೆದರು. ಕನ್ನಡದಲ್ಲಿ ಆ ದಶಕಗಳ ಮುದ್ರಣಾಲಯಗಳು ಬಹುಮಟ್ಟಿಗೆ ಪಾದ್ರಿಗಳ ಕೈಯಲ್ಲಿದ್ದುವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆಯ ಆಡಳಿತವೂ 1840ರಿಂದ 1868ರವರೆಗೆ ವೆಸ್ಲಿಯನ್ನರದೇ.

ಆದರೂ ಪೂರ್ವಪಕ್ಷವು ಅಚ್ಚಾಯಿತು, ಅಚ್ಚುಹಾಕಿದವರು ಪಾದ್ರಿಗಳೇ. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಗ್ಯಾರೆಟ್ ಪಾದ್ರಿಯು ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಸಾಲುಗಳಲ್ಲಿ ಒಂದರ ಪಕ್ಕದಲ್ಲೊಂದನ್ನಿಟ್ಟು ಹೊರತಂದನು. ಗೀತೆಯ ತತ್ತ್ವವನ್ನು ಮೆಚ್ಚಿ ಹುಂಬೋಲ್ಟನು ಬರೆದ ಜರ್ಮನ್ ಪ್ರಬಂಧವನ್ನು ಆ ಸಂಪುಟಕ್ಕಾಗಿ ಇಂಗ್ಲಿಷಿಗೆ ತಿರುಗಿಸಿದವನು ಬಾಸೆಲ್ ಮಿಶನ್ನಿನ ವೈಗ್ಲೆ. ಗ್ಯಾರೆಟ್ಟನು ಮುಂದೆ ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಗೆ ಮುಖ್ಯಾಧಿಕಾರಿಯಾದನು. ಇತ್ತ ಮೋಗ್ಲಿಂಗರು ತಮ್ಮ ಪತ್ರಿಕೆಯಲ್ಲಿ ಪುರಂದರದಾಸರ ಪದಗಳಿಗೆ ಎಡೆಗೊಟ್ಟು, 1848ರಿಂದ ಕಾಸಮೇಜರ್ ದೊರೆಯ ಹಣದಿಂದ ಜೈಮಿನಿಭಾರತವನ್ನೂ, ಬಸವಪುರಾಣವನ್ನೂ, ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಇಳಿಸಿದರು. ಪುಸ್ತಿಕೆಯಲ್ಲಿ ಅಲ್ಲಗಳೆದುದನ್ನು ಸಂಪಾದಕನಾಗಿ ಅಕ್ಷರ ಅಕ್ಷರವಾಗಿ ತಿದ್ದಿದ ಈ ಮನುಷ್ಯರ ಮನಸ್ಸಿನಲ್ಲಿ ಏನು ನಡೆದಿರಬಹುದೋ! ಜಾತಿಯನ್ನೂ ಬರಿಯ ಬಾಹ್ಯಪೂಜೆಯನ್ನೂ ಹಳಿಯುವುದಕ್ಕೆ ಕನ್ನಡಿಗನಿಗೆ ಹೊರಗಿನ ಮಾತೇ ಬೇಕಿರಲಿಲ್ಲವೆಂಬುದು ಆ ಪದಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ಅವರಿಗೆ ಹೊಳೆಯದೆ ಹೋಗಿರಲಾರದು.

ಮೈಸೂರು ನಗರದಲ್ಲಿ ಸರಿಸಮನಾದ ಮಾತುಕತೆಯು ತೊಡಗಿದುದು ತಡವಾಗಿ. ‘ತಾತಯ್ಯ’ ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ 1885ರಲ್ಲಿ ಹೊರಟಿತು. 1887ರಲ್ಲಿ ಹೇಗ್ ಪಾದ್ರಿಯ ‘ವೃತ್ತಾಂತ ಪತ್ರಿಕೆ’. ಎರಡನ್ನೂ ಒಂದೇ ಜಗಲಿಯ ಮೇಲೆ ಕುಳಿತು ಓದಬಹುದಾಗಿದ್ದಿತು. ಅಷ್ಟು ಹೊತ್ತಿಗೆ ಪಾದ್ರಿಯ ಪತ್ರಿಕೆಯೂ ಲೋಕವಾರ್ತೆಯನ್ನು ಮುಂದಿಟ್ಟು ಮತಬೋಧೆಯನ್ನು ಹಿಂದಿಡುವ ಜಾಣ್ಮೆಯನ್ನು ಕಲಿತಿದ್ದಿತು. ಅದರ ಕನ್ನಡವೂ ತಿಳಿಯಾಗಿದ್ದಿತು. ಉತ್ತರದಲ್ಲಾದರೋ, ಜಾತಿಯನ್ನೂ ಬೂಟಾಟಿಕೆಯನ್ನೂ ತ್ರಿಪದಿಯಲ್ಲಿ ಜರೆದ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಅದೇ ಬಾಸೆಲ್ ಮಿಶನ್ನಿನ ಕನ್ನಡಿಗ ಪಾದ್ರಿ ಚನ್ನಪ್ಪ ಉತ್ತಂಗಿಯವರು. ಅವರನ್ನು 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಲಾಯಿತು.