ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಬೇಡಿ

ಹಿಮಾಲಯದ ಗಿರಿಧಾಮವೊಂದಕ್ಕೆ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಲೆಕ್ಕವನ್ನು ಈ ವಾರ ಬಿಡಿಸಬೇಕಿತ್ತು. ಅದರ ಮೊದಲ ಸಾಲು ಸುಲಭ: ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಯಲ್ಲಿ ಇಳಿಯುವುದು, ರಾತ್ರಿ ಬಸ್ಸಿನಲ್ಲಿ ಧರ್ಮಶಾಲಾ ಸೇರುವುದು, ಅಲ್ಲಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಬಾಡಿಗೆ ಸ್ಕೂಟರ್ ಹಿಡಿಯುವುದು. ಎರಡನೇ ಸಾಲಿಗೆ ಬರುವ ಮೊದಲೇ ತಕರಾರು ಏಳುತ್ತದೆ. ಹಿಮಾಲಯಕ್ಕೆ ಸ್ಕೂಟರೇ? ಗುಡುಗುವ ದೊಡ್ಡ ಬೈಕಿಲ್ಲದೆ ಬೆಟ್ಟ ಹತ್ತುವುದು ಬೆಟ್ಟಕ್ಕೇ ಅವಮಾನ ಎನ್ನುವ ಪಂಥವೊಂದು ನಮ್ಮಲ್ಲಿ ಬಲವಾಗಿ ಬೇರೂರಿದೆ. ಇವರಿಗೆ ಉತ್ತರ ಹುಡುಕಲು ಆಗುಂಬೆ ಘಾಟಿಯ ಕೆಳಗಿನ ಹೆಬ್ರಿ ಸೀಮೆಯಿಂದ ಆಚೆ ಹೋಗಬೇಕಿಲ್ಲ.

ಧರ್ಮಶಾಲಾ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿ, ಅದರ ಮೇಲಿನ ಮೆಕ್ಲಿಯೋಡ್‌ಗಂಜ್ ಸುಮಾರು 2,000 ಮೀಟರಿನಲ್ಲಿ. ಅಂದರೆ ಸ್ಕೂಟರ್ ಏರಬೇಕಾದದ್ದು ಐನೂರು ಚಿಲ್ಲರೆ ಮೀಟರ್. ಸೋಮೇಶ್ವರದಿಂದ ಹದಿನಾಲ್ಕು ಹೇರ್‌ಪಿನ್ ತಿರುವು ಸುತ್ತಿ ಆಗುಂಬೆ ಮುಟ್ಟಿದರೂ ಏರಿದ ಎತ್ತರ ಹೆಚ್ಚುಕಡಿಮೆ ಅಷ್ಟೇ. ಹೆಬ್ರಿ ಪೇಟೆಯ ನೂರಹತ್ತು ಸಿಸಿ ಸ್ಕೂಟರುಗಳು ಆ ಘಾಟಿಯನ್ನು ಇಬ್ಬರನ್ನು ಹೊತ್ತೇ ಏರುತ್ತವೆ, ಅದೂ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ. ಮೇಲೆ ಗಾಳಿ ತೆಳುವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. 2,000 ಮೀಟರಿನಲ್ಲಿ ಗಾಳಿಯ ಒತ್ತಡ ಐದರಲ್ಲೊಂದು ಪಾಲಿಗೂ ತುಸು ಹೆಚ್ಚೇ ಇಳಿದಿರುತ್ತದೆ, ಎಂಜಿನ್ನಿನ ಬಲವೂ ಸುಮಾರು ಅಷ್ಟೇ ಕುಗ್ಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಪೆಟ್ರೋಲಿನ ಅಳತೆ ಸರಿಹೊಂದುತ್ತದೆಯೇ ಹೊರತು ಇಲ್ಲದ ಗಾಳಿ ಎಲ್ಲಿಂದಲೂ ಬರುವುದಿಲ್ಲ. ಆದರೆ ಬಾಡಿಗೆ ಸ್ಕೂಟರಿನಲ್ಲಿ ಗಂಟುಮೂಟೆ ಇರುವುದಿಲ್ಲ, ಅದು ಕೋಣೆಯಲ್ಲಿರುತ್ತದೆ. ಆ ಭಾರ ಇಳಿದ ಮೇಲೆ ಕುಗ್ಗಿದ ಬಲವೂ ಏರಿಗೆ ಸಾಕಾಗುತ್ತದೆ.

ಏರುವ ಬಗ್ಗೆ ಇಷ್ಟು ಸಾಕು, ಏಕೆಂದರೆ ಘಾಟಿ ಸವಾರನನ್ನು ಪರೀಕ್ಷಿಸುವುದು ಇಳಿಯುವಾಗ. ಕಡಿಮೆ ಖರ್ಚು ಎಂದೊಡನೆ ಕೆಲವರು ಮಾಡುವ ಮೊದಲ ಕೆಲಸ, ಇಳಿಜಾರು ಶುರುವಾದಲ್ಲಿ ಎಂಜಿನ್ ಬಂದ್ ಮಾಡುವುದು. ಇದರಷ್ಟು ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಗೇರಿಲ್ಲದ ಸ್ಕೂಟರಿನ ರಚನೆಯೇ ಇಳಿಜಾರಿನಲ್ಲಿ ದುರ್ಬಲ. ಎಂಜಿನ್ನಿನ ವೇಗ ತಗ್ಗಿದಂತೆ ಕ್ಲಚ್ಚಿನ ಶೂಗಳು ಒಳಗೆ ಸರಿಯುತ್ತವೆ, ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಸ್ಕೂಟರ್ ತನ್ನ ಪಾಡಿಗೆ ಉರುಳತೊಡಗುತ್ತದೆ. ಆಗ ಆಕ್ಸಿಲರೇಟರನ್ನು ಒಂದಿಷ್ಟೇ ತಿರುಗಿಸಿ, ಕ್ಲಚ್ಚು ಹಿಡಿದದ್ದು ಸೀಟಿನಡಿಯಲ್ಲಿ ಗೊತ್ತಾದ ಕೂಡಲೇ ಬಿಡಬೇಕು. ಎಂಜಿನ್ನೇ ಚಕ್ರವನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ತೀರಾ ಇಳಿದಾಗ ಕ್ಲಚ್ಚು ಮತ್ತೆ ಬಿಟ್ಟುಕೊಳ್ಳುತ್ತದೆ, ಮತ್ತೆ ತಿರುಗಿಸಬೇಕು. ಎಂಜಿನ್ ಬಂದ್ ಮಾಡಿದವನಿಗೆ ಈ ಆಸರೆಯೇ ಇಲ್ಲ. ಇಡೀ ಭಾರ ಬೀಳುವುದು ಬ್ರೇಕಿನ ಮೇಲೆ. ಒಂದು ಲಿವರ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ವ್ಯವಸ್ಥೆ ಸಣ್ಣ ಗಾಡಿಗಳಿಗೆ 2019ರಿಂದ ಕಡ್ಡಾಯವಾಗಿದೆ ನಿಜ. ಆದರೆ ಬಿಡದೆ ಒತ್ತಿ ಹಿಡಿದರೆ ಡ್ರಮ್ ಕಾಯುವುದನ್ನು ಅದೂ ತಪ್ಪಿಸದು. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಲಿವರ್ ಹಿಡಿಕೆಯ ಹತ್ತಿರ ಬಂದಿರುತ್ತದೆ. ಇಷ್ಟಕ್ಕೆ ಉಳಿದದ್ದೆಷ್ಟು? ಐಡ್ಲಿಂಗಿನಲ್ಲಿ ಸ್ಕೂಟರ್ ಕುಡಿಯುವ ಪೆಟ್ರೋಲ್ ಒಂದು ಚಹಾದ ಬೆಲೆಯೂ ಆಗುವುದಿಲ್ಲ.

ಸ್ಕೂಟರ್ ಸಾಕು ಎನ್ನಲು ನನ್ನ ದೊಡ್ಡ ಕಾರಣ ಬೇರೆಯೇ ಇದೆ. ಅದು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿ ಸುಮ್ಮನಾಗುತ್ತದೆ, ಮುಂದಿನದನ್ನು ಕಾಲಿಗೆ ಬಿಡುತ್ತದೆ. ಬೈಕೇ ಯಾತ್ರೆಯಾದವರು ನಾಲ್ಕು ದಿನದಲ್ಲಿ ಏಳು ಊರು ಮುಟ್ಟಿ ಬರುತ್ತಾರೆ, ಒಂದು ಬೆಟ್ಟವನ್ನೂ ಹತ್ತಿರುವುದಿಲ್ಲ. ಕರಾವಳಿಯ ಚಾರಣ ಪರಂಪರೆ ಹೀಗಿರಲಿಲ್ಲ. ಮಂಗಳೂರಿನ ಜಿ.ಎನ್. ಅಶೋಕವರ್ಧನ ಮತ್ತು ಅವರ ‘ಆರೋಹಣ’ ಬಳಗಕ್ಕೆ ದ್ವಿಚಕ್ರವೂ ಬೇಕಿತ್ತು, ಘಟ್ಟದ ಕಾಲುದಾರಿಯೂ ಬೇಕಿತ್ತು. ಅದೇ ಸರಿಯಾದ ಜೋಡಿ. ಮೆಕ್ಲಿಯೋಡ್‌ಗಂಜ್‌ನಿಂದ ಗಲ್ಲು ದೇವಿ ಗುಡಿಯವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದ ಸುಮಾರು 2,850 ಮೀಟರ್ ಎತ್ತರದ ಟ್ರಿಯುಂಡ್‌ಗೆ ನಡಿಗೆ. ಹೆಸರು ಕೇಳಿ ಬೆದರಬೇಕಿಲ್ಲ. ಕುಕ್ಕೆಯಿಂದ 1,712 ಮೀಟರಿನ ಕುಮಾರಪರ್ವತ ಏರುವವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಹತ್ತುತ್ತಾರೆ. ಟ್ರಿಯುಂಡಿನ ಏರು ಅದರ ಅರ್ಧದ ಆಸುಪಾಸಿನದು. ನಮ್ಮ ಬೆಟ್ಟಗಳು ಕಲಿಸಲಾರದ್ದು ಒಂದೇ, ತೆಳುಗಾಳಿಯಲ್ಲಿ ಉಸಿರಾಡುವುದು. ಕಡಲ ಮಟ್ಟದಿಂದ ಹೋದ ದೇಹಕ್ಕೆ ಅದು ಒಗ್ಗಲು ಸಮಯ ಬೇಕು. ಹಾಗಾಗಿ ಬಸ್ಸಿಳಿದ ದಿನವೇ ಟ್ರಿಯುಂಡ್ ಹತ್ತಬೇಡಿ. ಮೆಕ್ಲಿಯೋಡ್‌ಗಂಜ್‌ನಲ್ಲಿ ಒಂದು ರಾತ್ರಿ ಹೆಚ್ಚು ಉಳಿಯಿರಿ. ದೊಡ್ಡ ಬೈಕಿನ ಬಾಡಿಗೆಯಲ್ಲಿ ಉಳಿದ ಹಣವನ್ನು ಆ ರಾತ್ರಿಗೂ ಒಳ್ಳೆಯ ಬೂಟಿಗೂ ಹಾಕಿ. ರೈಲು ಟಿಕೆಟ್ ತೆಗೆಯುವ ಮೊದಲು ಆಗುಂಬೆ ಘಾಟಿಯನ್ನು ಎಂಜಿನ್ ಬಂದ್ ಮಾಡದೆ, ಬ್ರೇಕ್ ಕಾಯಿಸದೆ ಒಮ್ಮೆ ಇಳಿದು ನೋಡಿ.