ಯಾರ ನಂಬಿಕೆ? ಯಾಕೋಬ 5:14-15ರ ವ್ಯಾಖ್ಯಾನವನ್ನು ಕುರಿತು

ದೈವಿಕ ಸ್ವಸ್ಥತೆಯ ಪ್ರಸಂಗಗಳಿಗೆ ಯಾಕೋಬನ ಪತ್ರಿಕೆಯ ಈ ಎರಡು ವಚನಗಳೇ ಮುಖ್ಯ ಆಧಾರ. ರೋಗ ವಾಸಿಯಾಗದಿದ್ದಾಗ ರೋಗಿಯ ನಂಬಿಕೆ ಸಾಲದೆಹೋಯಿತೆಂದು ಹೇಳುವುದಕ್ಕೂ ಇವನ್ನೇ ಬಳಸುವುದುಂಟು. ಆದರೆ ಇಲ್ಲಿ ರೋಗಿಗೆ ಹೇಳಿರುವುದು ಒಂದೇ: ಸಭೆಯ ಹಿರಿಯರನ್ನು ಕರೆಯಿಸಲಿ. ಎಣ್ಣೆ ಹಚ್ಚುವವರೂ ಪ್ರಾರ್ಥಿಸುವವರೂ ಹಿರಿಯರು. ಆದುದರಿಂದ ಪ್ರಾರ್ಥನೆಯೊಡನೆ ಹೇಳಿರುವ ನಂಬಿಕೆಯೂ ಮೊದಲು ಅವರದೇ. ಪರೀಕ್ಷೆಗೊಳಗಾಗುವುದಾದರೆ ಅದು ಸಭೆ, ಹಾಸಿಗೆ ಹಿಡಿದವನಲ್ಲ. ಇನ್ನು, ‘ಸೋಜೊ’ ಎಂಬ ಗ್ರೀಕ್ ಕ್ರಿಯಾಪದಕ್ಕೆ ಗುಣಪಡಿಸು, ರಕ್ಷಿಸು ಎಂಬ ಎರಡೂ ಅರ್ಥಗಳಿವೆ; ‘ಎಬ್ಬಿಸು’ ಎಂಬುದು ಪುನರುತ್ಥಾನಕ್ಕೂ ಸಲ್ಲುವ ಪದ. ವಾಗ್ದಾನವನ್ನು ದೇಹದ ಗುಣಕ್ಕೆ ಮಾತ್ರ ಸೀಮಿತಗೊಳಿಸುವ ಪ್ರಸಂಗವು ಅದನ್ನು ಕಿರಿದುಮಾಡುತ್ತದೆ. ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದನು (2 ತಿಮೊ. 4:20), ಅವನ ನಂಬಿಕೆಯ ಬಗ್ಗೆ ಒಂದು ಆಕ್ಷೇಪವನ್ನೂ ಎತ್ತಲಿಲ್ಲ.

ಗುಣವಾಗದವರ ಬಳಿಯಲ್ಲಿ ಸಭೆ ಹೇಗಿರಬೇಕೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಔಷಧ ಹಂಚತೊಡಗಿದ ಜೆಸ್ವಿಟ್ ಗುರು ಫಾದರ್ ಮುಲ್ಲರ್ (ಹೋಮಿಯೊಪಥಿಯ ವಾದ ಇಲ್ಲಿ ಬೇಡ) 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಆ ರೋಗವನ್ನು ತಡೆಯಬಲ್ಲ ಸಲ್ಫೋನ್ ಔಷಧಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ.